ಬೆಂದ ಕಾಡಿನಲ್ಲಿ ಮೂಡಿದ ಹಾದಿ

ಖಾಂಡವವನದಹನದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಅಗ್ನಿಯ ಹಸಿವು ತಣಿದೊಡನೆ ಕಥೆ ಮುಂದೆ ಸಾಗುತ್ತದೆ. ಬೆಂದ ನೆಲದ ಗತಿ ಏನಾಯಿತೆಂದು ನಾವು ವಿಚಾರಿಸುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳುವ ಕಾಡೊಂದು ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿದೆ. ಅದರ ಹೆಸರು ಟಿಲ್ಲಮೂಕ್.

1933ರ ಆಗಸ್ಟ್ 14ರಂದು, ಮರ ಕಡಿದು ಸಾಗಿಸುತ್ತಿದ್ದ ಕಣಿವೆಯೊಂದರಲ್ಲಿ ಬೆಂಕಿ ಹತ್ತಿತು. ಕೆಲವು ದಿನಗಳ ಬಳಿಕ ಒಣಗಾಳಿ ಬೀಸಿದ್ದೇ ತಡ, ಅದು ಕಾಡ್ಗಿಚ್ಚಾಗಿ ಕೆರಳಿ ಸುಮಾರು 2,40,000 ಎಕರೆಯನ್ನು ನುಂಗಿತು. 1939, 1945, 1951 ಹೀಗೆ ಆರಾರು ವರ್ಷಕ್ಕೊಮ್ಮೆ ಮತ್ತೆ ಹೊತ್ತಿತು. ಇದು ಆರು ವರ್ಷದ ಶಾಪವೆಂದೇ ಜನ ಅಂಜಿದರು. ನಾಲ್ಕೂ ಸೇರಿ ಸುಟ್ಟ ನೆಲ 3,55,000 ಎಕರೆ. ಒಡೆಯರಲ್ಲಿ ಅನೇಕರು ಕಂದಾಯ ಕಟ್ಟದೆ ಕೈಬಿಟ್ಟರು. ಭೂಮಿ ಸರಕಾರದ ಪಾಲಾಯಿತು.

ಬೂದಿಗೆ ಹಣ ಸುರಿಯುವವರಾರು? 1948ರಲ್ಲಿ ಈ ಪ್ರಶ್ನೆ ಜನರ ಮುಂದೆಯೇ ಬಂದಿತು. ಸಾಲವೆತ್ತಿ ಕಾಡು ಬೆಳೆಸೋಣವೆಂಬ ಪಕ್ಷ ಅಲ್ಪ ಮತಗಳಿಂದ ಗೆದ್ದಿತು. 1949ರಿಂದ ಮುಂದೆ ಸುಮಾರು 7 ಕೋಟಿ 20 ಲಕ್ಷ ಸಸಿಗಳನ್ನು ನೆಟ್ಟರು. ಹೆಲಿಕಾಪ್ಟರುಗಳಿಂದ ಬೀಜ ಚೆಲ್ಲಿದರು. ಕೂಲಿಯವರೊಡನೆ ಸೆರೆಮನೆಯ ಕೈದಿಗಳೂ ದುಡಿದರು. ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದು ಗುದ್ದಲಿ ಹಿಡಿದರು. 1973ರಲ್ಲಿ ಅದು ಟಿಲ್ಲಮೂಕ್ ಸಂಸ್ಥಾನ ಅರಣ್ಯವೆಂದು ವಿಧಿಯುಕ್ತವಾಗಿ ಹೆಸರು ಪಡೆಯಿತು.

ಈಗ ಅಲ್ಲಿ ವಿಹಾರದ ಹಾದಿಗಳಿವೆ. ವಿಲ್ಸನ್ ನದಿಯ ಬಳಿಯ ಹಾದಿಯಲ್ಲಿ ಪಾದಚಾರಿಗಳೂ ಸೈಕಲ್ ಸವಾರರೂ ಸಂಚರಿಸುತ್ತಾರೆ. ಕುದುರೆ ಸವಾರರಿಗೂ ಮೋಟಾರು ಸೈಕಲ್ಲಿನವರಿಗೂ ಹಾದಿಗಳುಂಟು. ಹಲವರು ಕೂಡಿ ಬಳಸುವ ಕಡೆ ಮರ್ಯಾದೆಯೂ ಬೇಕಷ್ಟೆ: ಸೈಕಲ್ಲಿನವನು ನಡೆಯುವವನಿಗೆ ದಾರಿ ಬಿಡಬೇಕು; ಇಬ್ಬರೂ ಕುದುರೆಗೆ ಬಿಡಬೇಕು.

ಹಾಗೆಂದು ವ್ಯಾಜ್ಯ ತೀರಿದೆಯೆಂದು ತಿಳಿಯಬೇಡಿ. ಆ ಮರಗಳನ್ನು ಕಡಿದು ಮಾರಿದ ಆದಾಯದಲ್ಲಿ ಸ್ಥಳೀಯ ಆಡಳಿತಗಳಿಗೂ ಶಾಲೆಗಳಿಗೂ ಪಾಲುಂಟು. ಟಿಲ್ಲಮೂಕ್ ಮತ್ತು ನೆರೆಯ ಕ್ಲಾಟ್ಸಪ್ ಅರಣ್ಯಗಳ ಅರ್ಧವನ್ನು ಕಾಯ್ದಿರಿಸಬೇಕೆಂಬ ಸೂಚನೆ 2004ರಲ್ಲಿ ಜನಮತಕ್ಕೆ ಬಂದು ಸೋತಿತು. ಕೊಡಲಿಗೆಷ್ಟು, ಕಾಲಿಗೆಷ್ಟು, ಹೊಳೆಯ ಮೀನಿಗೆಷ್ಟು ಎಂಬ ಲೆಕ್ಕ ಅಲ್ಲಿನವರಿಗೆ ಸುಲಭವಾಗಿಲ್ಲ.

ಮೂವತ್ತು ವರ್ಷ ಪಾಠ ಹೇಳಿದ ನಾನು ವನಮಹೋತ್ಸವಗಳನ್ನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಶಾಲೆಯ ಅಂಗಳದಲ್ಲಿ ಹೋದ ವರ್ಷದ ಗುಂಡಿಯೇ ಈ ವರ್ಷದ ಸಸಿಗೂ ಒದಗಿದ್ದುಂಟು. ನೆಟ್ಟದ್ದು ನಾವೇ, ನೀರೆರೆಯದವರೂ ನಾವೇ. ಆ ನಾಡಿನಲ್ಲಿ ಮಾತ್ರ ಅಂದು ಗುದ್ದಲಿ ಹಿಡಿದ ಮಗು ಇಂದು ಮುಪ್ಪಿನಲ್ಲಿ ಊರುಗೋಲು ಹಿಡಿದು ಅದೇ ಮರಗಳ ನೆರಳಲ್ಲಿ ನಡೆಯಬಹುದು. ನಮ್ಮ ಮಕ್ಕಳಿಗೂ ಅಂಥ ನೆರಳು ಬೇಕಾದರೆ, ವಾಚಕರೇ, ಸಸಿ ನೆಟ್ಟ ಮರುದಿನವೂ ನಾವು ಆ ಗುಂಡಿಯ ಬಳಿಗೆ ಹೋಗಬೇಕು.