ಹಿರಿಯರ ಕತ್ತಿ

ಕೃಷ್ಣಾ ತುಂಗಭದ್ರೆಗಳ ನಡುವಣ ಮುದಗಲ್ಲಿನ ಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ, ತರುವಾಯ ಆದಿಲಶಾಹಿಗಳೂ ಮತ್ತೆ ಮತ್ತೆ ಕಾದಿದರು. 1520ರ ರಾಯಚೂರಿನ ಕಾಳಗದಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಪೋರ್ತುಗೀಸ ಬಂದೂಕಿನವರೂ ಇದ್ದರು. ಇಂಥ ನಾಡಿನಲ್ಲಿ ಹಿರಿಯರಿಂದ ಬಂದ ಕತ್ತಿ ಎಲ್ಲಿಯದೆಂದು ತಿಳಿಯುವುದೆಂತು?

ಹಿಡಿಯೊಂದನ್ನೇ ನಂಬಲಾಗದು. ದಖ್ಖನಿನ ‘ಫಿರಂಗಿ’ ಕತ್ತಿಗಳಲ್ಲಿ ಹಿಡಿ ಈ ನೆಲದ್ದಾಗಿದ್ದು, ಅಲಗು ಯುರೋಪಿನದಾಗಿರುವುದುಂಟು. ಈ ವಿಷಯದಲ್ಲಿ ಜಪಾನೀಯರ ಪದ್ಧತಿ ಗಮನಿಸತಕ್ಕದ್ದು. ಅವರ ಕತ್ತಿಯ ಹಿಡಿಯನ್ನು ಬಿದಿರಿನ ಮೊಳೆಯೊಂದು ಬಿಗಿದಿರುವುದು. ಅದನ್ನು ಕಳಚಿದರೆ, ಹಿಡಿಯೊಳಗೆ ಹುದುಗಿದ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಕೊರೆದಿರುವುದುಂಟು. ಅಲ್ಲಿಯ ಕಪ್ಪು ತುಕ್ಕನ್ನು ಅವರು ಎಂದಿಗೂ ಉಜ್ಜರು. ಕತ್ತಿಯ ವಯಸ್ಸಿಗೆ ಅದೇ ಸಾಕ್ಷಿ.

ನಮ್ಮ ಕತ್ತಿಗಳ ಹಿಡಿಯನ್ನು ಸಾಮಾನ್ಯವಾಗಿ ಅಂಟು ಹಾಕಿ ಕೂಡಿಸಿರುವುದರಿಂದ ಕೀಳಹೋಗಬಾರದು, ಅಲಗನ್ನೇ ಓದಬೇಕು. ಹಳೆಯ ಉಕ್ಕಿನಲ್ಲಿ ನೀರಲೆಯಂಥ ಗೆರೆಗಳೂ, ಕೆಲವೆಡೆ ಅಕ್ಷರಗಳೂ ತೋರುವುವು. ಆಯುಧಪೂಜೆಗೆಂದು ಹುಣಿಸೆಹಣ್ಣು, ಮರಳು ಹಾಕಿ ತಿಕ್ಕಿದರೆ ಅವೆಲ್ಲ ಅಳಿಯುವುವು. ಬರಿಗೈ ಸೋಕಿಸದೆ ಒಣಬಟ್ಟೆಯಿಂದ ಒರಸಿ, ಯಂತ್ರದ ತಿಳಿಯೆಣ್ಣೆಯನ್ನು ತೆಳುವಾಗಿ ಸವರಿ, ತೇವವಿಲ್ಲದೆಡೆ ಇಡಿರಿ. ಅರಿಸಿನ ಕುಂಕುಮವನ್ನು ಒರೆಗೆ ಏರಿಸಿದರೂ ಪೂಜೆ ಸಂದಂತೆಯೇ. ತಿಕ್ಕಿ ತಂದ ಹೊಳಪು ನಾಲ್ಕು ದಿನದ್ದು. ಅಳಿದ ಅಕ್ಷರ ಮರಳಿ ಬಾರದು.