ತಲೆ ಮುಂದೋ, ಕೈ ಮುಂದೋ? | ಆಟದ ಹಿಂದಿನ ಕಥೆ, ಭಾಗ 6

ಅಮೆರಿಕನ್ ಫುಟ್‌ಬಾಲ್ ಅಂದ ಕೂಡಲೇ ನಿಮಗೆ ನೆನಪಾಗೋದು ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್. ಇವತ್ತು ಅವನನ್ನ ಬಿಡಿ. ಅವನ ಮುಂದೆ ಬಗ್ಗಿ ನಿಂತಿರೋ ಐದು ಜನ ದಢೂತಿಗಳನ್ನ ನೋಡಿ. ಅದೇ ಆಫೆನ್ಸಿವ್ ಲೈನ್. ಚೆಂಡು ಹಿಡಿದು ಓಡೋ ಭಾಗ್ಯ ಇವರಿಗಿಲ್ಲ, ಎದುರಾಳಿಯನ್ನ ತಡೆಯೋದೇ ಕೆಲಸ. ಅದಕ್ಕೆ ಬ್ಲಾಕಿಂಗ್ ಅಂತಾರೆ. ಆದ್ರೆ ಹಿಡ್ಕೊಳ್ಳೋ ಹಾಗಿಲ್ಲ, ಹಿಡಿದ್ರೆ ಪೆನಾಲ್ಟಿ! ನಮ್ಮ ಕಬಡ್ಡಿಗೆ ಪೂರ್ತಿ ಉಲ್ಟಾ.

ಹಿಡಿಯದೆ ತಡೆಯೋದು ಹೇಗೆ? ಈ ಪ್ರಶ್ನೆಗೆ ಎಷ್ಟೋ ಹುಡುಗರು ಜೀವ ತೆತ್ತಿದ್ದಾರೆ.

1892, ಹಾರ್ವರ್ಡ್ ಮತ್ತು ಯೇಲ್ ಮ್ಯಾಚ್. ಹಾರ್ವರ್ಡ್‌ಗೆ ಐಡಿಯಾ ಕೊಟ್ಟವನು ಲೋರಿನ್ ಡೀಲ್ಯಾಂಡ್, ಚೆಸ್ ಆಟಗಾರ. ಫುಟ್‌ಬಾಲ್ ಆಡಿದವನೇ ಅಲ್ಲ, ನೆಪೋಲಿಯನ್ನನ ಯುದ್ಧತಂತ್ರ ಓದಿದ್ದ. ಎರಡು ಗುಂಪು ಹಿಂದಿನಿಂದ ಓಡಿ ಬಂದು ಬಾಣದ ಮೊನೆ ಥರ ಸೇರ್ಕೋಬೇಕು, ಚೆಂಡಿನವನು ಆ ಮೊನೆಯ ಹಿಂದೆ ಬರಬೇಕು. ಹೆಸರು ಫ್ಲೈಯಿಂಗ್ ವೆಜ್. ಮಜಾ ಏನಂದ್ರೆ ಮ್ಯಾಚ್ ಗೆದ್ದಿದ್ದು ಯೇಲ್, 6-0! ಆದ್ರೂ ಎಲ್ಲರೂ ಅದನ್ನೇ ಕಾಪಿ ಹೊಡೆದ್ರು. 1894ರಲ್ಲಿ ನಿಯಮ ಬಂದು ವೆಜ್ ನಿಂತಿತು, ಗುಂಪಾಗಿ ನುಗ್ಗೋ ಚಟ ನಿಲ್ಲಲಿಲ್ಲ. 1905ರ ಸೀಸನ್‌ನಲ್ಲಿ ಪತ್ರಿಕೆಗಳ ಲೆಕ್ಕದ ಪ್ರಕಾರವೇ ಕನಿಷ್ಠ 18 ಸಾವು. ಅಧ್ಯಕ್ಷ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನ ವೈಟ್‌ಹೌಸ್‌ಗೇ ಕರೆಸಿ ಮಾತಾಡಿದ್ದರು. 1906ರಲ್ಲಿ ಚೆಂಡನ್ನ ಮುಂದಕ್ಕೆ ಎಸೆಯೋಕೆ ಅನುಮತಿ ಸಿಕ್ತು. 1910ರಲ್ಲಿ ಏಳು ಜನ ಲೈನ್ ಮೇಲೇ ನಿಲ್ಲಬೇಕು, ಕೈಕೈ ಕೊಂಡಿ ಹಾಕ್ಕೊಂಡು ನುಗ್ಗೋ ಹಾಗಿಲ್ಲ ಅಂತಾಯ್ತು. ಒಬ್ಬನೇ ನಿಂತು ಒಬ್ಬನನ್ನ ತಡೆಯೋ ಕಲೆ ಬೆಳೆದಿದ್ದು ಇಲ್ಲಿಂದ.

ಆದ್ರೆ ಕೈ ಚಾಚೋ ಹಾಗಿರಲಿಲ್ಲ. ಮುಷ್ಟಿ ಎದೆ ಹತ್ತಿರ ಇಟ್ಕೊಂಡು ಭುಜದಿಂದಲೇ ತಳ್ಳಬೇಕಿತ್ತು. ಅಷ್ಟರಲ್ಲಿ ಬಂತು ಪ್ಲಾಸ್ಟಿಕ್ ಹೆಲ್ಮೆಟ್ (1939, ರಿಡೆಲ್ ಕಂಪನಿ), ಆಮೇಲೆ ಮುಖಕ್ಕೆ ಕಂಬಿ. ತಲೆ ಉಳಿಸೋಕೆ ಬಂದ ಹೆಲ್ಮೆಟ್ಟೇ ಆಯುಧ ಆಗಿಹೋಯ್ತು. ಎದುರಾಳಿಯ ಎದೆ ಮೇಲಿನ ನಂಬರಿಗೆ ಮುಖ ಗುದ್ದು ಅಂತ ಕೋಚ್‌ಗಳೇ ಸ್ಕೂಲ್ ಹುಡುಗರಿಗೆ ಕಲಿಸ್ತಿದ್ರು. ಬಿಕಾಂನವರೇ, ಇನ್ಶೂರೆನ್ಸ್ ಪಾಠದ ಮಾರಲ್ ಹಝಾರ್ಡ್ ನೆನಪಿದೆಯಾ? ರಕ್ಷಣೆ ಇದೆ ಅಂತ ಗೊತ್ತಾದ್ರೆ ಅಪಾಯಕ್ಕೆ ಕೈ ಹಾಕೋದೂ ಜಾಸ್ತಿ. ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

1968ರಲ್ಲಿ ಆಟದ ಪೆಟ್ಟಿಗೇ ಸತ್ತವರು 36. ಇದರಲ್ಲಿ ಬ್ಲಾಕಿಂಗ್‌ಗಿಂತ ಟ್ಯಾಕಲಿಂಗ್ ಪಾಲು ಜಾಸ್ತಿ, ಆದ್ರೆ ಎರಡರಲ್ಲೂ ತಪ್ಪು ಒಂದೇ: ತಲೆ ಮುಂದೆ. 1976ರಲ್ಲಿ ಸ್ಕೂಲು, ಕಾಲೇಜು ಎರಡೂ ಕಡೆ ಮೊದಲ ಡಿಕ್ಕಿ ತಲೆಯಿಂದ ಕೊಡೋದನ್ನ ನಿಷೇಧಿಸಿದ್ರು. 1990ರಲ್ಲಿ ಆ ಲೆಕ್ಕ ಸೊನ್ನೆಗೆ ಬಂತು. ಹೆಲ್ಮೆಟ್, ಚಿಕಿತ್ಸೆ ಸುಧಾರಿಸಿದ್ದೂ ಕಾರಣವೇ. ಆದ್ರೂ ಒಂದು ಸಾಲಿನ ನಿಯಮ ಇಷ್ಟು ಕೆಲಸ ಮಾಡಿದ್ದು ಸಣ್ಣ ಮಾತಲ್ಲ.

ಎನ್‌ಎಫ್‌ಎಲ್ 1978ರಲ್ಲಿ ಕೈ ಚಾಚಿ, ಅಂಗೈ ಬಿಚ್ಚಿ ತಳ್ಳೋಕೆ ಬಿಟ್ಟಿತು. ಕಾಳಜಿಯಿಂದ ಅಂದ್ಕೋಬೇಡಿ, ಪಾಸ್ ಹೆಚ್ಚಲಿ, ಸ್ಕೋರ್ ಏರಲಿ ಅಂತ. ಆ ಎರಡೂ ಕಾಲ ಕಂಡವನು ಪಿಟ್ಸ್‌ಬರ್ಗ್‌ನ ಸೆಂಟರ್ ಮೈಕ್ ವೆಬ್‌ಸ್ಟರ್. ನಾಲ್ಕು ಸೂಪರ್ ಬೌಲ್ ಗೆದ್ದವನು. 2002ರಲ್ಲಿ ಸತ್ತಾಗ ಬರೀ 50 ವರ್ಷ. ಡಾಕ್ಟರ್ ಬೆನೆಟ್ ಒಮಾಲು ಅವನ ಮೆದುಳು ಪರೀಕ್ಷಿಸಿದಾಗ ಸಿಟಿಇ ಅನ್ನೋ ಕಾಯಿಲೆ ಕಂಡಿತು, ಪದೇ ಪದೇ ತಲೆಗೆ ಬೀಳೋ ಪೆಟ್ಟಿನಿಂದ ಬರೋದು. ಒಂದು ದೊಡ್ಡ ಪೆಟ್ಟೇ ಬೇಕಿಲ್ಲ. ಒಂದು ಕೈ ನೆಲಕ್ಕೆ ಊರಿ ಬಗ್ಗಿ ಹೊರಟವನಿಗೆ ಎಲ್ಲಕ್ಕಿಂತ ಮುಂದಿರೋದು ತಲೆ ತಾನೇ? ಪ್ರತಿ ಆಟದಲ್ಲೂ ಒಂದು ಸಣ್ಣ ಗುದ್ದು.

ಅದಕ್ಕೇ 2019ರಲ್ಲಿ ಪಾಪ್ ವಾರ್ನರ್ ಅನ್ನೋ ಮಕ್ಕಳ ಲೀಗ್ ತನ್ನ ಅತಿ ಚಿಕ್ಕ ವಯಸ್ಸಿನ ವಿಭಾಗಗಳಲ್ಲಿ ನೆಲಕ್ಕೆ ಕೈಯೂರಿ ನಿಲ್ಲೋದನ್ನೇ ತೆಗೆದುಹಾಕ್ತು. ಈಗ ಆ ಪುಟಾಣಿಗಳು ಮಂಡಿ ಬಗ್ಗಿಸಿ, ತಲೆ ಎತ್ತಿ ನಿಲ್ತಾರೆ. ಕಲಿಯೋದು ಇಷ್ಟು: ಸೊಂಟ ಕೆಳಗೆ, ಮೊದಲು ಅಂಗೈ, ಅದೂ ಎದುರಿನವನ ಎದೆ ಮಧ್ಯಕ್ಕೆ, ಹೆಬ್ಬೆರಳು ಮೇಲಕ್ಕೆ, ಮುಖ ಕೈಗಳ ಹಿಂದೆ. ದೊಡ್ಡವರ ಲೀಗ್‌ನಲ್ಲಿ ಮಾತ್ರ ನೆಲಕ್ಕೆ ಕೈ ಊರೋದು ಇನ್ನೂ ಇದೆ.

ಭಾಗ 7ರಲ್ಲಿ ಹೆಲ್ಮೆಟ್ ಕಂಪನಿಗಳ ಕಥೆ. ಸೇವ್ ಮಾಡ್ಕೊಳ್ಳಿ, ಡೌಟ್ ಇದ್ರೆ ಕೆಳಗೆ ಕೇಳಿ.

#ಆಟದಹಿಂದಿನಕಥೆ #ಕನ್ನಡದಲ್ಲಿಇತಿಹಾಸ