ಬಡ ಮಕ್ಕಳ ಅಂಕಪಟ್ಟಿ ಮತ್ತು ಇಂಗ್ಲೆಂಡಿನ ಕೌನ್ಸಿಲ್‌ಗಳು

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳ ಶಿಕ್ಷಣ ಪರಿಶೀಲನಾ ಸಮಿತಿಗಳಲ್ಲಿ ಚುನಾಯಿತ ಸದಸ್ಯರ ಪಕ್ಕದಲ್ಲಿ ಆಂಗ್ಲಿಕನ್, ಕ್ಯಾಥೊಲಿಕ್ ಚರ್ಚುಗಳ ಮತ್ತು ಪೋಷಕರ ಪ್ರತಿನಿಧಿಗಳೂ ಕೂರುತ್ತಾರೆ. ಶಾಲೆಯ ವಿಷಯ ಬಂದಾಗ ಅವರಿಗೂ ಮತದ ಹಕ್ಕುಂಟು. ಅವರ ಮುಂದಿರುವ ವರದಿಯಲ್ಲಿ ಉಚಿತ ಶಾಲಾ ಊಟಕ್ಕೆ ಅರ್ಹರಾದ ಬಡ ಮಕ್ಕಳ ಅಂಕ ಒಂದು ಕಾಲಂನಲ್ಲಿ, ಉಳಿದವರದು ಇನ್ನೊಂದರಲ್ಲಿ. ಈ ಅಂತರ ಏಕೆಂದು ಕೇಳಿದರೆ ಕೌನ್ಸಿಲ್ ಅಧಿಕಾರಿ ಉತ್ತರ ಹೇಳಲೇಬೇಕು. ಕೌನ್ಸಿಲ್ ಹಿಡಿತದ ಹೊರಗಿರುವ ಅಕಾಡೆಮಿ ಶಾಲೆಯ ಮುಖ್ಯಸ್ಥರು ಮಾತ್ರ ಕರೆದರೆ ಬರಬಹುದು, ಬಾರದೆಯೂ ಇರಬಹುದು. ಕೇಳುವ ಹಕ್ಕು ಉಳಿದು, ಮಾಡಿಸುವ ಶಕ್ತಿ ಕೈತಪ್ಪಿದ್ದು ಹೇಗೆ?

ಶಾಲೆಯ ಫಲಿತಾಂಶ ಅಳೆಯುವ ಚಪಲ ಕೌನ್ಸಿಲ್‌ಗಳಿಗಿಂತ ಹಳೆಯದು. 1862ರಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ಸಚಿವ ರಾಬರ್ಟ್ ಲೋ ತಂದ ನಿಯಮದ ಪ್ರಕಾರ ಮಕ್ಕಳು ಇನ್ಸ್‌ಪೆಕ್ಟರ್ ಎದುರು ಓದಿ, ಬರೆದು, ಲೆಕ್ಕ ಮಾಡಿ ತೋರಿಸಿದರಷ್ಟೇ ಶಾಲೆಗೆ ಪೂರ್ತಿ ಅನುದಾನ. ಸ್ವತಃ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಕಟುವಾಗಿ ವಿರೋಧಿಸಿದ. (ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಮಂಗಳೂರು, ಬಳ್ಳಾರಿ ಆಗ ಅದರಲ್ಲೇ ಇದ್ದವು.) 1870ರ ಕಾಯ್ದೆ ಚುನಾಯಿತ ಶಾಲಾ ಮಂಡಳಿಗಳನ್ನು ತಂದಿತು. 1902ರಲ್ಲಿ ಅವುಗಳನ್ನು ರದ್ದುಮಾಡಿ ಶಾಲೆಗಳ ಹೊಣೆಯನ್ನು ಕೌಂಟಿ ಮತ್ತು ನಗರ ಕೌನ್ಸಿಲ್‌ಗಳಿಗೆ ವಹಿಸಲಾಯಿತು. 1906ರಲ್ಲಿ ಹಸಿದ ಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕುವ ಅಧಿಕಾರವೂ ಸಿಕ್ಕಿತು. ಬಡತನವನ್ನು ಗುರುತಿಸಲು ಇಂದಿಗೂ ಬಳಸುವ ಅಳತೆಗೋಲು ಆ ಊಟವೇ.

ಮುಂದಿನ ಎಪ್ಪತ್ತು ವರ್ಷ ಕೌನ್ಸಿಲ್‌ಗಳು ಕಟ್ಟಡ ಕಟ್ಟಿದವು, ಶಿಕ್ಷಕರನ್ನು ನೇಮಿಸಿದವು. ತರಗತಿಯೊಳಗೆ ಏನು ನಡೆಯುತ್ತದೆಂಬುದು ಬಹುಮಟ್ಟಿಗೆ ಮೇಷ್ಟ್ರುಗಳಿಗೆ ಬಿಟ್ಟ ಮಾತಾಗಿತ್ತು. ಈ ನೆಮ್ಮದಿ ಕೆಡಿಸಿದ್ದು ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿದ್ದ ವಿಲಿಯಂ ಟಿಂಡೇಲ್ ಎಂಬ ಪ್ರಾಥಮಿಕ ಶಾಲೆ. 1974ರಲ್ಲಿ ಅಲ್ಲಿನ ಶಿಕ್ಷಕರು ಮಕ್ಕಳು ತಮಗಿಷ್ಟವಾದದ್ದನ್ನು ಕಲಿಯಲಿ ಎಂದು ಬಿಟ್ಟರು; ಗಾಬರಿಗೊಂಡ ಪೋಷಕರು ಮಕ್ಕಳನ್ನು ಬಿಡಿಸಿಕೊಂಡರು. ಮರುವರ್ಷ ತಪಾಸಣೆ ಬೇಡವೆಂದು ಶಿಕ್ಷಕರು ಮುಷ್ಕರ ಹೂಡಿ, ಹೊರಗೆ ಪರ್ಯಾಯ ಶಾಲೆಯನ್ನೇ ನಡೆಸಿದರು. 1976ರಲ್ಲಿ ಬಂದ ರಾಬಿನ್ ಆಲ್ಡ್ ವಿಚಾರಣಾ ವರದಿ ಶಿಕ್ಷಕರ ಜೊತೆಗೆ ಲಂಡನ್ನಿನ ಶಿಕ್ಷಣ ಪ್ರಾಧಿಕಾರವನ್ನೂ ತರಾಟೆಗೆ ತೆಗೆದುಕೊಂಡಿತು: ಶಾಲೆ ಹಾಳಾಗುತ್ತಿರುವಾಗ ನೀವೇನು ಮಾಡುತ್ತಿದ್ದಿರಿ? ಉಸ್ತುವಾರಿಯ ಪ್ರಶ್ನೆಗೆ ಬಿಸಿ ಹತ್ತಿದ್ದು ಅಲ್ಲಿಂದ.

ಅದರ ಲಾಭ ಪಡೆದದ್ದು ಮಾತ್ರ ಕೇಂದ್ರ ಸರ್ಕಾರ. 1988ರ ಕಾಯ್ದೆ ರಾಷ್ಟ್ರೀಯ ಪಠ್ಯಕ್ರಮ ತಂದು ಹಣಕಾಸನ್ನು ಶಾಲೆಗಳ ಕೈಗೇ ಕೊಟ್ಟಿತು. 1990ರಲ್ಲಿ ಲಂಡನ್ನಿನ ಪ್ರಾಧಿಕಾರವೇ ಇಲ್ಲವಾಯಿತು. 1992ರಲ್ಲಿ ಆಫ್‌ಸ್ಟೆಡ್ ತಪಾಸಣಾ ಸಂಸ್ಥೆ ಬಂತು. ಕೆಲ ವರ್ಷಗಳಲ್ಲಿ ಅದು ಕೌನ್ಸಿಲ್‌ಗಳನ್ನೂ ತಪಾಸಣೆಗೆ ಒಳಪಡಿಸಿತು.

ಹಾಗಾದರೆ ಕೌನ್ಸಿಲ್‌ಗಳಿಂದ ಏನೂ ಆಗದೇ? ಟವರ್ ಹ್ಯಾಮ್ಲೆಟ್ಸ್ ಬೇರೆಯದೇ ಹೇಳುತ್ತದೆ. ಪೂರ್ವ ಲಂಡನ್ನಿನ ಈ ಬರೋ (ಸ್ವಂತ ಕೌನ್ಸಿಲ್ ಉಳ್ಳ ನಗರ ವಿಭಾಗ) 1997ರಲ್ಲಿ ದೇಶದ ಎಲ್ಲ ಶಿಕ್ಷಣ ಪ್ರಾಧಿಕಾರಗಳ ಪೈಕಿ ಕಟ್ಟಕಡೆಯದು. ಮಕ್ಕಳಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು, ಬಡವರು. ಶಿಕ್ಷಣ ನಿರ್ದೇಶಕಿಯಾಗಿ ಬಂದ ಕ್ರಿಸ್ಟೀನ್ ಗಿಲ್ಬರ್ಟ್ ಬಡತನವನ್ನು ನೆಪವಾಗಿ ಒಪ್ಪಲಿಲ್ಲ. ಎಟುಕಲಾರದಷ್ಟು ಎತ್ತರದ ಗುರಿ ಇಟ್ಟರು, ಹಾಜರಾತಿಗಾಗಿ ಮಸೀದಿಗಳ ಜೊತೆಗೂಡಿ ಕೆಲಸ ಮಾಡಿಸಿದರು. ಮುಂದೆ 2003ರಲ್ಲಿ ಶುರುವಾದ ‘ಲಂಡನ್ ಚಾಲೆಂಜ್’ ಎಂಬ ಸರ್ಕಾರಿ ಶಾಲಾ ಸುಧಾರಣಾ ಯೋಜನೆಯ ಬಲವೂ ಸೇರಿತು. 2010ರ ದಶಕದ ಆರಂಭಕ್ಕೆ ಬರೋ ದೇಶದ ಸರಾಸರಿಯನ್ನು ದಾಟಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸೈಮನ್ ಬರ್ಜೆಸ್, ಲಂಡನ್ನಿನ ಏಳಿಗೆಗೆ ಮುಖ್ಯ ಕಾರಣ ಅಲ್ಲಿನ ವಲಸಿಗ ಕುಟುಂಬಗಳ ಮಕ್ಕಳೇ ಎಂದು ವಾದಿಸಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ 1997ರಲ್ಲೂ ಇದ್ದದ್ದು ಸಿಲ್ಹೆಟಿ ಮನೆಗಳ ಮಕ್ಕಳೇ ಅಲ್ಲವೇ?

ಈ ಪಾಠ ಅರಗುವ ಮೊದಲೇ ಗಾಳಿ ತಿರುಗಿತು. 2010ರ ಅಕಾಡೆಮಿ ಕಾಯ್ದೆಯಿಂದ ಶಾಲೆಗಳು ಕೌನ್ಸಿಲ್ ಬಿಟ್ಟು, ನೇರ ಕೇಂದ್ರದ ಹಣದಲ್ಲಿ ನಡೆಯುವ ಟ್ರಸ್ಟ್‌ಗಳ ಕೈಗೆ ಹೋಗತೊಡಗಿದವು. 2011ರಲ್ಲಿ ಬಡ ಮಕ್ಕಳಿಗಾಗಿ ‘ಪ್ಯೂಪಿಲ್ ಪ್ರೀಮಿಯಂ’ ಎಂಬ ಹೆಚ್ಚುವರಿ ಅನುದಾನ ಬಂತು: ಮೊದಲ ವರ್ಷ ತಲಾ 488 ಪೌಂಡ್. 2014-15ಕ್ಕೆ ಪ್ರಾಥಮಿಕ ಹಂತದಲ್ಲಿ 1,300, ಪ್ರೌಢ ಹಂತದಲ್ಲಿ 935. ಒಳ್ಳೆಯ ಯೋಜನೆಯೇ. ಆದರೆ ಹಣ ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವುದು ಶಾಲೆ, ಕೌನ್ಸಿಲ್ ಅಲ್ಲ. ಕೋವಿಡ್‌ಗೆ ಮುಂಚೆಯೇ ಬಡ ಮಕ್ಕಳ ಮತ್ತು ಉಳಿದವರ ನಡುವಿನ ಅಂತರ ಕುಗ್ಗುವುದು ನಿಂತಿತ್ತು, ಆಮೇಲೆ ಹಿಗ್ಗಿತು. ಎಜುಕೇಶನ್ ಪಾಲಿಸಿ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ 2023ರಲ್ಲಿ ಹದಿನಾರರ ಬಡ ವಿದ್ಯಾರ್ಥಿ ಸಹಪಾಠಿಗಳಿಗಿಂತ ಸುಮಾರು 19 ತಿಂಗಳ ಕಲಿಕೆಯಷ್ಟು ಹಿಂದಿದ್ದ.

ಇಂದು ಪ್ರೌಢಶಾಲೆಗಳಲ್ಲಿ ಶೇ 80ಕ್ಕೂ ಹೆಚ್ಚು ಅಕಾಡೆಮಿಗಳು. ಆದರೂ ಮಕ್ಕಳ ಶೈಕ್ಷಣಿಕ ಮಟ್ಟ ಎತ್ತರಿಸುವ ಕರ್ತವ್ಯವನ್ನು ಕಾನೂನು ಕೌನ್ಸಿಲ್‌ನ ಹೆಗಲಿನಿಂದ ಇಳಿಸಿಲ್ಲ. ಒಬ್ಬರ ಕೈಯಲ್ಲಿ ಶಾಲೆ, ಇನ್ನೊಬ್ಬರ ತಲೆಗೆ ಹೊಣೆ ಕಟ್ಟುವ ಈ ಏರ್ಪಾಡು ಉಸ್ತುವಾರಿಯೇ ಅಲ್ಲ. ಕಡೇಪಕ್ಷ ಟ್ರಸ್ಟ್‌ನವರು ಸಮಿತಿಯ ಮುಂದೆ ಬಂದು ಉತ್ತರ ಹೇಳುವುದನ್ನು ಕಡ್ಡಾಯ ಮಾಡಬೇಕು.